ದಾವಣಗೆರೆ–ಹರಿಹರದಲ್ಲಿ ವಲಸೆ ಮತ್ತು ಪೌರತ್ವದ ಅಧ್ಯಯನ

ಜನರು ಊರು, ರಾಜ್ಯ, ದೇಶಗಳ ಗಡಿ ದಾಟಿ ನೆಲೆಸುವುದನ್ನೂ ನೆಲೆಸಿದ ಕಡೆ ಅವರಿಗೆ ದಕ್ಕುವ, ದಕ್ಕದ ಹಕ್ಕುಗಳನ್ನೂ ಪರಿಶೀಲಿಸುವುದು ವಲಸೆ ಮತ್ತು ಪೌರತ್ವದ ಅಧ್ಯಯನ. ಕಾಲೇಜು ಪಾಠಗಳಲ್ಲಿ ಇದು ಹಂಚಿಹೋಗಿದೆ. ಪೌರತ್ವ ರಾಜ್ಯಶಾಸ್ತ್ರ ಮತ್ತು ಕಾನೂನಿನ ಪಾಲಿಗೆ ಬಂದರೆ, ವಲಸೆ ಅರ್ಥಶಾಸ್ತ್ರ ಮತ್ತು ಸಮಾಜಶಾಸ್ತ್ರದ ಪಾಲಿಗೆ ಹೋಗಿದೆ. ಹೊರಗಿನಿಂದ ಬಂದವರಿಂದ ಬೆಳೆದ ದಾವಣಗೆರೆ–ಹರಿಹರ ಅವಳಿ ಊರುಗಳ ಚರಿತ್ರೆಯಲ್ಲಿ ಎರಡೂ ಬೇರ್ಪಡಿಸಲಾಗದಂತೆ ಬೆರೆತಿವೆ.

ಸಂಸ್ಥಾನದ ಕಾಲ

ಹೈದರಾಲಿ ದಾವಣಗೆರೆಯನ್ನು ಅಪ್ಪಾಜಿರಾಮ ಎಂಬ ಮರಾಠ ಸರದಾರನಿಗೆ ಜಹಗೀರಾಗಿ ಕೊಟ್ಟನು. ಅವನು ವರ್ತಕರು ಇಲ್ಲಿ ನೆಲೆಸಲು ಪ್ರೋತ್ಸಾಹ ನೀಡಿದ್ದರಿಂದ ಹಳ್ಳಿಯು ಪೇಟೆಯಾಯಿತು. ಹರಿಹರ ಮೈಸೂರು ಸಂಸ್ಥಾನದ ಅಂಚಿನ ಊರು. ತುಂಗಭದ್ರೆಯ ಆಚೆ ದಡ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿತ್ತು. 1868ರಲ್ಲಿ ಸೇತುವೆಯಾಗಿ ಓಡಾಟ ಸುಲಭವಾದರೂ ಈಚೆಯವರು ಮಹಾರಾಜರ ಪ್ರಜೆಗಳು, ಆಚೆಯವರು ಬ್ರಿಟಿಷರ ಪ್ರಜೆಗಳು ಎಂಬ ಭೇದ ಉಳಿಯಿತು.

ಸಂಸ್ಥಾನದ ಹುದ್ದೆಗಳು ಮದರಾಸಿನಿಂದ ಬಂದವರ ಪಾಲಾಗುತ್ತಿವೆ ಎಂಬ ಅಸಮಾಧಾನದಿಂದ ‘ಮೈಸೂರು ಮೈಸೂರಿಗರಿಗೆ’ ಎಂಬ ಕೂಗು ಎದ್ದಿತು. ಹುದ್ದೆಗಳಲ್ಲಿ ಸಮುದಾಯಗಳ ಪ್ರಾತಿನಿಧ್ಯ ಪರಿಶೀಲಿಸಲು 1918ರಲ್ಲಿ ನೇಮಕವಾದ ಲೆಸ್ಲಿ ಮಿಲ್ಲರ್ ಸಮಿತಿ ಚರ್ಚೆಯ ದಿಕ್ಕನ್ನೇ ಬದಲಿಸಿತು. ಎಲ್ಲಿಂದ ಬಂದವರು ಎನ್ನುವುದರ ಜೊತೆಗೆ ಯಾವ ಸಮುದಾಯದವರು ಎಂಬ ಪ್ರಶ್ನೆಯೂ ಮುನ್ನೆಲೆಗೆ ಬಂದಿತು.

ಗಿರಣಿ, ಕಾರ್ಖಾನೆ

20ನೇ ಶತಮಾನದಲ್ಲಿ ಹತ್ತಿ ಗಿರಣಿಗಳು ದಾವಣಗೆರೆಗೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಹೆಸರು ತಂದವು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಸ್ಥಾಪನೆಯಾಯಿತು. 1956ರ ಏಕೀಕರಣದಿಂದ ನದಿಯ ಎರಡೂ ದಡಗಳು ಒಂದೇ ರಾಜ್ಯಕ್ಕೆ ಸೇರಿದವು. 1970ರ ದಶಕದಲ್ಲಿ ಎದುರು ದಡದ ಕುಮಾರಪಟ್ಟಣದಲ್ಲಿ ಹರಿಹರ ಪಾಲಿಫೈಬರ್ಸ್ ಉತ್ಪಾದನೆ ಆರಂಭಿಸಿತು. ದುಡಿಯಲು ಬಂದವರು ಕಾರ್ಮಿಕ ಸಂಘಗಳ ಮೂಲಕ ಮತದಾರರಾಗಿಯೂ ಸಂಘಟಿತರಾದರು. ಕಮ್ಯುನಿಸ್ಟ್ ನಾಯಕ ಪಂಪಾಪತಿ ದಾವಣಗೆರೆಯಿಂದ ವಿಧಾನಸಭೆಗೆ ಆಯ್ಕೆಯಾದದ್ದು ಈ ಹಿನ್ನೆಲೆಯಲ್ಲಿ. ಗಿರಣಿಗಳೂ ಕಿರ್ಲೋಸ್ಕರ್ ಕಾರ್ಖಾನೆಯೂ ಮುಚ್ಚಿದ ಮೇಲೆ ಕೆಲಸ ಹುಡುಕಿ ಊರು ಬಿಡುವ ಸರದಿ ಇಲ್ಲಿಯವರದಾಯಿತು.

ಬೋಧನೆ

ದಾವಣಗೆರೆಯಲ್ಲಿ ಸ್ನಾತಕೋತ್ತರ ಶಿಕ್ಷಣ 1979ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಕೇಂದ್ರದೊಂದಿಗೆ ಆರಂಭವಾಯಿತು. ಆ ಕೇಂದ್ರ 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯಕ್ಕೆ ಸೇರಿ, 2009ರಲ್ಲಿ ತೋಳಹುಣಸೆಯ ಶಿವಗಂಗೋತ್ರಿಯಲ್ಲಿ ದಾವಣಗೆರೆ ವಿಶ್ವವಿದ್ಯಾಲಯವಾಯಿತು. ಹೆಚ್ಚಿನ ಪದವಿ ವಿದ್ಯಾರ್ಥಿಗಳಿಗೆ ಪೌರತ್ವದ ಪರಿಚಯವಾಗುವುದು ಭಾರತ ಸಂವಿಧಾನದ ಕಡ್ಡಾಯ ಪತ್ರಿಕೆಯಲ್ಲಿ. ಪೌರತ್ವ ಕುರಿತ 5ರಿಂದ 11ರವರೆಗಿನ ವಿಧಿಗಳು, ದೇಶದಲ್ಲಿ ಎಲ್ಲಿ ಬೇಕಾದರೂ ಸಂಚರಿಸುವ ಹಾಗೂ ನೆಲೆಸುವ ಹಕ್ಕನ್ನು ಕೊಡುವ 19ನೇ ವಿಧಿ, 1955ರ ಪೌರತ್ವ ಕಾಯ್ದೆ ಈ ಪಾಠದ ಬುನಾದಿ. ಆ ಕಾಯ್ದೆಗೆ 1986, 2003 ಮತ್ತು 2019ರಲ್ಲಿ ಆದ ತಿದ್ದುಪಡಿಗಳು ಜನ್ಮಸ್ಥಳ, ತಂದೆತಾಯಿಯರ ಪೌರತ್ವ, ಅಕ್ರಮ ವಲಸೆ ಮತ್ತು ಧರ್ಮದ ಪ್ರಶ್ನೆಗಳನ್ನು ಚರ್ಚೆಗೆ ತಂದವು. ಉನ್ನತ ಮಟ್ಟದ ಓದಿಗೆ ಪೌರತ್ವ ಕುರಿತ ಟಿ. ಎಚ್. ಮಾರ್ಷಲ್‌ರ 1950ರ ಪ್ರಬಂಧ, ‘ಮಣ್ಣಿನ ಮಕ್ಕಳ’ ರಾಜಕಾರಣ ಕುರಿತ ಮೈರನ್ ವೀನರ್‌ರ 1978ರ ಗ್ರಂಥ, ಭಾರತದ ಪೌರತ್ವ ಕುರಿತ ನೀರಜಾ ಗೋಪಾಲ್ ಜಯಾಲ್‌ರ 2013ರ ಕೃತಿ ಮುಖ್ಯ ಆಕರಗಳು.

ಸ್ಥಳೀಯ ನಿದರ್ಶನಗಳು

ದಾವಣಗೆರೆ ಜಿಲ್ಲೆಯ ಲಂಬಾಣಿ ತಾಂಡಾಗಳಿಂದ ಕಬ್ಬು ಕಡಿಯಲು, ಕಾಫಿ ತೋಟಗಳಲ್ಲಿ ದುಡಿಯಲು ಹೋಗುವ ಕುಟುಂಬಗಳು ರಾಜ್ಯದ ಗಡಿ ದಾಟದಿದ್ದರೆ 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯ ವ್ಯಾಪ್ತಿಗೆ ಬರುತ್ತಿರಲಿಲ್ಲ. ಅವರ ಮತ, ಮಕ್ಕಳ ಶಾಲೆ ಊರಿನ ವಿಳಾಸಕ್ಕೇ ಅಂಟಿಕೊಂಡಿರುತ್ತವೆ. ಗಿಡಮೂಲಿಕೆ ಔಷಧಿ ಮಾರಲು ಆಫ್ರಿಕಕ್ಕೆ ಹೋಗಿದ್ದ ಹಕ್ಕಿಪಿಕ್ಕಿ ಸಮುದಾಯದವರು 2023ರ ಏಪ್ರಿಲ್‌ನಲ್ಲಿ ಸುಡಾನ್ ಯುದ್ಧದಲ್ಲಿ ಸಿಲುಕಿದರು. ಅವರಲ್ಲಿ ಇದೇ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನವರೂ ಇದ್ದರು. ಕೇಂದ್ರ ಸರ್ಕಾರ ‘ಆಪರೇಷನ್ ಕಾವೇರಿ’ ಮೂಲಕ ಸುಡಾನ್‌ನಲ್ಲಿದ್ದ ಭಾರತೀಯರನ್ನು ಕರೆತಂದಿತು. ಪರದೇಶದಲ್ಲಿ ಸಿಲುಕಿದವರಿಗೆ ನೆರವು ತಂದುಕೊಟ್ಟ ಅದೇ ಪೌರತ್ವ, ರಾಜ್ಯದೊಳಗೇ ದುಡಿಯಲು ಹೋದವರ ಜೊತೆ ಕಬ್ಬಿನ ಗದ್ದೆಯವರೆಗೂ ಪೂರ್ತಿಯಾಗಿ ಸಾಗುವುದಿಲ್ಲ. ಪೌರತ್ವವನ್ನೂ ವಲಸೆಯನ್ನೂ ಬೇರೆ ಬೇರೆ ಪತ್ರಿಕೆಗಳಲ್ಲಿ ಕಲಿಸಿದಾಗ ಕಾಣದೆ ಹೋಗುವುದು ಈ ಅಂತರವೇ.