ಗ್ರಾನಡದ ಲೇಖನಿಯಲ್ಲಿ ನಮ್ಮ ಹೊನ್ನಾವರ

ಭೂಮಿಯಲ್ಲಿ ಸಂಚರಿಸಿ, ಗತಿಸಿದ ಜನಾಂಗಗಳ ಪರಿಣಾಮವನ್ನು ಅವಲೋಕಿಸುವಂತೆ ಪವಿತ್ರ ಕುರ್‌ಆನ್ ಹಲವೆಡೆ ಕರೆ ನೀಡುತ್ತದೆ. ಆದ್ದರಿಂದ ಸತ್ಯವಿಶ್ವಾಸಿಗೆ ಪ್ರವಾಸವೂ ಒಂದು ಪಾಠವೇ ಆಗಿದೆ.

ಕಳೆದ ವರ್ಷ ನಮ್ಮ ರಾಂಪುರದಲ್ಲಿ ಅಸರ್ ನಮಾಝಿನ ಬಳಿಕ, ಯುರೋಪ್ ಪ್ರವಾಸ ಮುಗಿಸಿ ಬಂದಿದ್ದ ಯುವಕನೊಬ್ಬ ತನ್ನ ಮೊಬೈಲಿನಲ್ಲಿದ್ದ ಚಿತ್ರಗಳನ್ನು ತೋರಿಸಿದನು. ಸ್ಪೇನಿನ ಕೊರ್ಡೋವಾ ಮಸೀದಿಯ ಕೆಂಪು-ಬಿಳಿ ಕಮಾನುಗಳು, ಗ್ರಾನಡದ ಅಲ್‌ಹಂಬ್ರ, ಮಾಲಗದ ಕಡಲತೀರ. ನೋಡುತ್ತಿದ್ದ ಹಿರಿಯರೊಬ್ಬರ ಕಣ್ಣು ತುಂಬಿ ಬಂದಿತು. “ಹಜರತ್, ಅಂಥ ಕಾಲ ನಮ್ಮ ಕಡೆಯೂ ಇತ್ತೇ?” ಎಂದು ಅವರು ಕೇಳಿದರು.

ಇತ್ತು. ಅದನ್ನು ಕಣ್ಣಾರೆ ಕಂಡವರು ಮೊರೊಕ್ಕೊದ ಇಬ್ನ್ ಬತೂತ. 1304ರಲ್ಲಿ ತಾಂಜೀರಿನಲ್ಲಿ ಜನಿಸಿದ ಅವರು 1325ರಲ್ಲಿ ಹಜ್ಜಿಗೆಂದು ಹೊರಟವರು, ದಿಲ್ಲಿಯಲ್ಲಿ ಮುಹಮ್ಮದ್ ಬಿನ್ ತುಘಲಕನ ಕಾಲದಲ್ಲಿ ಖಾಝಿಯಾದರು. ಸುಲ್ತಾನನ ರಾಯಭಾರಿಯಾಗಿ ಚೀನಾಕ್ಕೆ ಹೊರಟಾಗ, 1342ರ ಸುಮಾರಿಗೆ, ನಮ್ಮ ಕರಾವಳಿಯನ್ನು ಹಾದುಹೋದರು. ಬಾರ್ಕೂರಿನಲ್ಲಿ ಖಾಝಿಯನ್ನೂ ಜುಮುಅ ಮಸೀದಿಯನ್ನೂ ಕಂಡರು. ಮಂಗಳೂರಿನಲ್ಲಿ ಯಮನ್ ಮತ್ತು ಪರ್ಷಿಯಾದ ವರ್ತಕರು ಬಂದಿಳಿಯುವುದನ್ನೂ, ಸುಮಾರು 4,000 ಮುಸ್ಲಿಮರು ವಾಸಿಸುವುದನ್ನೂ ದಾಖಲಿಸಿದರು.

ಆದರೆ ಅವರನ್ನು ಬೆರಗುಗೊಳಿಸಿದ್ದು ಹೊನ್ನಾವರ. ಅಲ್ಲಿನ ಜನರು ಶಾಫಿಈ ಮದ್‌ಹಬಿನವರು, ಧರ್ಮನಿಷ್ಠರು, ಕಡಲ ವ್ಯಾಪಾರದಿಂದ ಬದುಕುವವರು. ಸುಲ್ತಾನ್ ಜಮಾಲುದ್ದೀನನು ಹರಿಯಬ್ ಎಂಬ ದೊರೆಗೆ ಅಧೀನನಾಗಿದ್ದನೆಂದು ಅವರು ಹೇಳುತ್ತಾರೆ. ಈ ಹರಿಯಬ್ ವಿಜಯನಗರದ ಹರಿಹರನೆಂದು ಇತಿಹಾಸಕಾರರು ಗುರುತಿಸುತ್ತಾರೆ. ಸುಲ್ತಾನನ ಮನೆಯ ಅನ್ನ, ತುಪ್ಪ, ಮಾವು ನಿಂಬೆಗಳ ಉಪ್ಪಿನಕಾಯಿ, ಕೋಳಿ, ಮೀನುಗಳ ವರ್ಣನೆಯೂ ಅಲ್ಲಿದೆ. ಹನ್ನೊಂದು ತಿಂಗಳು ರೊಟ್ಟಿಯನ್ನೇ ಕಾಣದೆ ಅನ್ನವುಂಡೆನೆಂಬ ಅವರ ಮಾತು, ರೊಟ್ಟಿಯ ಸೀಮೆಯವರಾದ ನಮಗೆ ನಗು ತರಿಸುತ್ತದೆ.

ಇದೆಲ್ಲಕ್ಕಿಂತ ಮಿಗಿಲಾದ ಸಂಗತಿಯೊಂದಿದೆ. ಆ ಊರಿನ ಸ್ತ್ರೀಯರು ಕುರ್‌ಆನನ್ನು ಕಂಠಪಾಠ ಮಾಡಿದ್ದರು. ಅಲ್ಲಿ ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಶಾಲೆಗಳಿದ್ದವು. ಮಕ್ಕಾ, ದಮಾಸ್ಕಸ್, ಕೈರೋಗಳನ್ನು ಕಂಡಿದ್ದ ಆ ಯಾತ್ರಿಕರು, ಇಂಥದ್ದನ್ನು ಬೇರೆಲ್ಲಿಯೂ ಕಾಣಲಿಲ್ಲವೆಂದು ಹೇಳಿದ್ದಾರೆ.

ಇದೇ ಇಬ್ನ್ ಬತೂತ 1350ರ ಸುಮಾರಿಗೆ ಅಂದಲೂಸಿಗೂ ಹೋದರು. ಮಾಲಗದ ಅಂಜೂರವನ್ನೂ, ಹೊಂಬಣ್ಣದ ಮಣ್ಣಿನ ಪಾತ್ರೆಗಳನ್ನೂ, ಮಸೀದಿಯ ಅಂಗಳದ ಕಿತ್ತಳೆ ಮರಗಳನ್ನೂ ಮೆಚ್ಚಿದರು. ಗ್ರಾನಡದಲ್ಲಿ ಅವರಿಗೆ ಇಬ್ನ್ ಜುಝಯ್ ಎಂಬ ತರುಣ ವಿದ್ವಾಂಸನ ಪರಿಚಯವಾಯಿತು. ಮುಂದೆ ಫೆಝ್ ನಗರದಲ್ಲಿ ಇಬ್ನ್ ಬತೂತ ಹೇಳಿದ ಪ್ರವಾಸ ಕಥನವನ್ನು ಬರೆದುಕೊಂಡವರು ಅವರೇ. ಅಂದರೆ, ನಮ್ಮ ಶರಾವತಿಯ ದಡದ ಹೆಣ್ಣುಮಕ್ಕಳ ಕೀರ್ತಿಯನ್ನು ನಮಗಾಗಿ ಉಳಿಸಿದ್ದು ಗ್ರಾನಡದವರೊಬ್ಬರ ಲೇಖನಿ!

ಕೊರ್ಡೋವಾ 1236ರಲ್ಲಿ ಕೈತಪ್ಪಿತು, ಗ್ರಾನಡ 1492ರಲ್ಲಿ. ಕೊರ್ಡೋವಾದಲ್ಲಿ ಕಮಾನುಗಳು ಉಳಿದಿವೆ, ನಮಾಝ್ ಇಲ್ಲ. ನಾನು ಹೊನ್ನಾವರಕ್ಕೆ ಹೋದಾಗ, ಶರಾವತಿಯು ಕಡಲನ್ನು ಸೇರುವ ಕಡೆ ನಿಂತು ಆ 36 ಶಾಲೆಗಳನ್ನು ಮನಸ್ಸಿನಲ್ಲೇ ಹುಡುಕಿದೆನು. ಗುರುತಿಸುವ ಒಂದು ಕಲ್ಲೂ ನನಗೆ ಕಾಣಲಿಲ್ಲ. ಅಷ್ಟರಲ್ಲಿ ಮಗ್ರಿಬ್ ಅಝಾನ್ ಕೇಳಿಸಿತು.

ಇದನ್ನೆಲ್ಲ ಆ ಹಿರಿಯರಿಗೆ ಹೇಳಿದಾಗ ಅವರು ಮೌನವಾದರು. ಅದಕ್ಕೆ ಕಾರಣವಿತ್ತು. ಕಾಲೇಜು ದೂರವೆಂದು ತಮ್ಮ ಮೊಮ್ಮಗಳ ಓದನ್ನು ಹತ್ತನೇ ತರಗತಿಗೇ ನಿಲ್ಲಿಸಲು ಅವರು ನಿಶ್ಚಯಿಸಿದ್ದರು. “ಅವು ಕುರ್‌ಆನ್ ಕಲಿಸುವ ಶಾಲೆಗಳಲ್ಲವೇ, ಹಜರತ್?” ಎಂದರು. “ಇರಬಹುದು ಚಾಚಾ. ಆ ಕಾಲದ ವಿದ್ಯೆಯ ಬಾಗಿಲು ಅದೇ ಆಗಿತ್ತು. ಅದನ್ನು ಅವರು ಮಗಳಿಗೂ ತೆರೆದರು” ಎಂದೆನು.

ಅಂದಲೂಸಿಗಾಗಿ ಕಣ್ಣೀರಿಡುವುದು ಸುಲಭ. ಹೊನ್ನಾವರದ ಆ 13 ಶಾಲೆಗಳಿಗೆ ವಾರಸುದಾರರಾಗುವುದು ಕಷ್ಟ. ಆದರೆ ಅದು ಇಂದಿಗೂ ನಮ್ಮ ಕೈಯಲ್ಲೇ ಇದೆ. ಚಾಚಾ ಇನ್ನೂ ಉತ್ತರಿಸಿಲ್ಲ. ಹುಡುಗಿಯ ಪರೀಕ್ಷೆಗೆ ಎರಡು ತಿಂಗಳಿದೆ. ಅಲ್ಲಾಹನು ಅವರ ಹೃದಯವನ್ನೂ ನಮ್ಮೆಲ್ಲರ ಹೃದಯಗಳನ್ನೂ ಒಳಿತಿನೆಡೆಗೆ ತಿರುಗಿಸಲಿ. ಆಮೀನ್.