ಹಿಂದಿನ ಕಮಾನಿಗೆ ಗಾಳಿಯ ಊರುಗೋಲು

ಇವತ್ತಿನ ಮಾತು ಸ್ವಲ್ಪ ಗ್ರೀಸು ಮೆತ್ತಿಕೊಂಡ ಚರಿತ್ರೆ. ಪುಣೆ, ನಾಸಿಕ್ ಕಡೆ ಕೆಲಸಕ್ಕಿರೋ ನಮ್ಮವರಲ್ಲಿ ಥಾರ್, ಸ್ಕಾರ್ಪಿಯೋ ಇಟ್ಟುಕೊಂಡವರು ಬೇಕಾದಷ್ಟು ಜನ. ಎರಡು ಇಂಚು ಲಿಫ್ಟ್ ಮಾಡಿಸಿರ್ತಾರೆ. ವಾರಪೂರ್ತಿ ಗಾಡಿ ಖಾಲಿ. ದೀಪಾವಳಿಗೆ ಊರಿಗೆ ಹೊರಟಾಗ ಮಾತ್ರ ಡಿಕ್ಕಿ ತುಂಬ ಲಗೇಜು, ಹಿಂದಿನ ಸೀಟಲ್ಲಿ ಅಪ್ಪ-ಅಮ್ಮ. ಬಾಲ ನೆಲಕ್ಕೆ, ಮೂಗು ಆಕಾಶಕ್ಕೆ! ಆಗ ಬರೋ ಪ್ರಶ್ನೆ: ಹಿಂದಿನ ಸ್ಪ್ರಿಂಗಿಗೆ ಏರ್‌ಬ್ಯಾಗ್ ಹಾಕಿಸಲಾ, ಹಾಕಿಸೋದಾದ್ರೆ ಯಾವುದು? (ಡಿಕ್ಕಿ ಹೊಡೆದಾಗ ಸ್ಟೀರಿಂಗಿನಿಂದ ಹಾರೋ ಏರ್‌ಬ್ಯಾಗ್ ಅಲ್ಲ, ಸ್ಪ್ರಿಂಗಿಗೆ ಆಸರೆ ಕೊಡೋ ಗಾಳಿಚೀಲ.)

ಉತ್ತರ ಮಾಲೇಗಾಂವ್‌ನಿಂದ ಶುರು ಮಾಡ್ತೀನಿ. ಮುಂಬೈ–ಆಗ್ರಾ ಹೆದ್ದಾರಿಯ ಮೇಲಿರೋ ಮಗ್ಗದ ಊರು. ಇಲ್ಲಿ ನಿಂತಿರೋ ಹಳೇ ಲಾರಿಯ ಹಿಂದಿನ ಚಕ್ರದ ಹತ್ತಿರ ಬಗ್ಗಿ ನೋಡಿ. ದಪ್ಪ ಕಮಾನ್ ಪಟ್ಟಿಗಳ ಕಟ್ಟಿನ ಮೇಲೆ ಇನ್ನೊಂದು ಗಿಡ್ಡ ಕಟ್ಟು ಕೂತಿರುತ್ತೆ. ಲಾರಿ ಖಾಲಿ ಇದ್ದಾಗ ಅದರ ತುದಿಗಳು ಯಾವುದಕ್ಕೂ ತಾಗಲ್ಲ, ಸುಮ್ಮನೆ ಕೂತಿರುತ್ತೆ. ಬಟ್ಟೆಯ ಬೇಲುಗಳೋ ಈರುಳ್ಳಿ ಮೂಟೆಗಳೋ ಏರಿ ಚಾಸಿಸ್ ಕುಸಿದಾಗ ಮಾತ್ರ ತುದಿಗಳು ಬ್ರಾಕೆಟಿಗೆ ತಾಗಿ ಭಾರಕ್ಕೆ ಹೆಗಲು ಕೊಡುತ್ತೆ. ಅದಕ್ಕೇ ಅದು ‘ಹೆಲ್ಪರ್’. ನೀವು ಕೊಳ್ಳಬೇಕು ಅಂತಿರೋ ಗಾಳಿಚೀಲ ಇದರ ಮೊಮ್ಮಗ.

ಇದೇ ಊರಿನ ಕೋಟೆಯನ್ನ 1818ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಮುತ್ತಿದಾಗ ಒಳಗಿದ್ದ ಅರಬ್ ಸಿಪಾಯಿಗಳು ವಾರಗಟ್ಟಲೆ ಬಿಟ್ಟುಕೊಡಲಿಲ್ಲ. ಆ ಕಾಲದ ತೋಪಿನ ಬಂಡಿಗಳಿಗೆ ಸ್ಪ್ರಿಂಗೇ ಇರಲಿಲ್ಲ. ಲಂಡನ್ನಿನ ಒಬಡಯಾ ಎಲಿಯಟ್ 1804ರಲ್ಲೇ ಸಾರೋಟಿಗೆ ಕಮಾನ್ ಸ್ಪ್ರಿಂಗಿನ ಪೇಟೆಂಟ್ ಪಡೆದಿದ್ದ, ಆದ್ರೆ ಆ ಸುಖ ಕೂರೋ ಸಾಹೇಬರಿಗೆ, ತೋಪಿಗಲ್ಲ. ಸ್ಪ್ರಿಂಗ್ ಬಂದ ದಿನದಿಂದ ಒಂದು ತಕರಾರು ಇದ್ದೇ ಇದೆ. ಮೆತ್ತಗೆ ಮಾಡಿದ್ರೆ ಭಾರಕ್ಕೆ ಕುಸಿಯುತ್ತೆ, ಗಟ್ಟಿ ಮಾಡಿದ್ರೆ ಖಾಲಿ ಗಾಡಿ ಸೊಂಟ ಮುರಿಯುತ್ತೆ. ಉಕ್ಕಿಗೆ ಒಂದೇ ಸ್ವಭಾವ.

ನಮ್ಮಲ್ಲಿ ಈ ತಕರಾರು ಜೀಪಿನ ಜೊತೆ ಮನೆಮನೆಗೆ ಬಂತು. 1940ರ ದಶಕದ ಕೊನೆಗೆ ಮಹೀಂದ್ರಾದವರು ಮುಂಬೈಲಿ ಜೋಡಿಸೋಕೆ ಶುರು ಮಾಡಿದ ವಿಲ್ಲೀಸ್ ಜೀಪಿಗೆ ನಾಲ್ಕೂ ಕಡೆ ಕಮಾನ್ ಪಟ್ಟಿ. ಹತ್ತು ಜನ ನೇತಾಡಿಕೊಂಡು ಹೋಗ್ತಾರೆ ಅಂದ್ರೆ ಮೇಸ್ತ್ರಿ ಇನ್ನೊಂದು ಪಟ್ಟಿ ಸೇರಿಸಿ ಕೊಡ್ತಿದ್ದ, ಅಷ್ಟೇ. 2010ರ ಥಾರ್‌ಗೂ ಹಿಂದೆ ಪಟ್ಟಿಯೇ. ಆದ್ರೆ 2020ರಲ್ಲಿ ನಾಸಿಕ್ ಕಾರ್ಖಾನೆಯಿಂದ ಹೊರಬಂದ ಹೊಸ ಥಾರ್‌ಗೆ ಹಿಂದೆ ಕಾಯಿಲ್ ಸ್ಪ್ರಿಂಗ್. ಸವಾರಿ ಸುಖ ಆಯ್ತು, ಆದ್ರೆ ಸುರುಳಿಗೆ ಪಟ್ಟಿ ಸೇರಿಸೋಕಾಗಲ್ವಲ್ಲ!

ಅಮೆರಿಕದಲ್ಲಿ ಈ ಪರಿಸ್ಥಿತಿ ಮೊದಲೇ ಬಂದಿತ್ತು. ಫೈರ್‌ಸ್ಟೋನ್ ಕಂಪನಿ 1930ರ ದಶಕದಲ್ಲೇ ರಬ್ಬರ್ ಗಾಳಿಚೀಲದ ಪ್ರಯೋಗ ಮಾಡಿತ್ತು. 1953ರ ಹೊತ್ತಿಗೆ ಜನರಲ್ ಮೋಟಾರ್ಸ್ ಬಸ್ಸುಗಳು ಉಕ್ಕು ಬಿಟ್ಟು ಗಾಳಿಯ ಮೇಲೆ ಓಡಿದವು. ಅದೇ ಕಂಪನಿ 1957ರಲ್ಲಿ ಕ್ಯಾಡಿಲಾಕ್ ಎಲ್ಡೊರಾಡೊ ಬ್ರೋಮ್ ಕಾರಿಗೂ ಗಾಳಿ ಹಾಕ್ತು. ಚೀಲ ಸೋರಿ ಕಾರು ನೆಲಕ್ಕೆ ಕೂತಾಗ ಎಷ್ಟೋ ಮಾಲೀಕರು ವಾಪಸ್ ಕಾಯಿಲ್ ಹಾಕಿಸಿಕೊಂಡರು. ಬಸ್ಸಲ್ಲಿ ಗೆದ್ದಿದ್ದು ಕಾರಲ್ಲಿ ಯಾಕೆ ಸೋತಿತು? ನನ್ನ ಲೆಕ್ಕದಲ್ಲಿ, ಬಸ್ಸಿಗೆ ಡಿಪೋ ಇದೆ, ದಿನಾ ನೋಡೋ ಮೆಕ್ಯಾನಿಕ್ ಇದ್ದಾನೆ. ನಾವು ಐರಾವತದಲ್ಲಿ ನಿದ್ದೆ ಮಾಡ್ಕೊಂಡು ಊರಿಗೆ ಹೋಗೋದು ಆ ಗಾಳಿಯ ಮೇಲೆಯೇ.

ಇದರ ನಡುವೆ 1949ರಲ್ಲಿ ಮಿಷಿಗನ್ ರಾಜ್ಯದ ಲ್ಯಾನ್ಸಿಂಗ್‌ನಲ್ಲಿ ಏರ್ ಲಿಫ್ಟ್ ಅನ್ನೋ ಕಂಪನಿ ಹುಟ್ಟಿತು. ಉಕ್ಕನ್ನ ತೆಗೀಬೇಡಿ, ಸುರುಳಿಯ ಹೊಟ್ಟೆಯೊಳಗೆ ಚೀಲ ಇಡಿ ಅಂತ ಅವರ ದಾರಿ. ಚೀಲ ಒಡೆದ್ರೂ ಗಾಡಿ ಉಕ್ಕಿನ ಮೇಲೆ ಮನೆ ಸೇರುತ್ತೆ. ಮಾಲೇಗಾಂವ್ ಲಾರಿಯ ಗಿಡ್ಡ ಕಟ್ಟಿನ ತರ್ಕವೇ ಇದು, ಆದ್ರೆ ಗಾಳಿ ಹೆಚ್ಚು ಕಡಿಮೆ ಮಾಡಬಹುದು.

ಈಗ ಆಯ್ಕೆ. ಅಂಗಡಿಯವರು ಹೇಳದ ಮಾತು ಮೊದಲು: ಗಾಳಿಚೀಲ ಲಿಫ್ಟ್ ಕಿಟ್ ಅಲ್ಲ. ಎತ್ತರಕ್ಕೆ ಗಾಳಿ ತುಂಬಿದ್ರೆ ಸ್ಪ್ರಿಂಗ್ ಕಲ್ಲಾಗುತ್ತೆ, ಚಕ್ರ ಕೆಳಗಿಳಿಯೋ ಜಾಗ ಕಮ್ಮಿಯಾಗುತ್ತೆ. ಎತ್ತರ ಬೇಕಿದ್ರೆ ಸ್ಪ್ರಿಂಗಿನಿಂದಲೇ ಬರಲಿ.

ನಿಮ್ಮ ಲಿಫ್ಟ್ ಎಂಥದ್ದು ಅನ್ನೋದೂ ಮುಖ್ಯ. ಕಂಪನಿ ಸ್ಪ್ರಿಂಗಿಗೇ ಸ್ಪೇಸರ್ ಕೊಟ್ಟು ಎತ್ತಿದ್ರೆ ಸುರುಳಿಯ ಉದ್ದ ಬದಲಾಗಿಲ್ಲ, ಮಾಮೂಲಿ ಅಳತೆಯ ಚೀಲ ನಡೆಯುತ್ತೆ. ಉದ್ದನೆಯ ಹೊಸ ಸ್ಪ್ರಿಂಗ್ ಹಾಕಿದ್ರೆ ಆ ಚೀಲ ಗಿಡ್ಡ ಬೀಳುತ್ತೆ, ಲಿಫ್ಟ್ ಆದ ಗಾಡಿಗೆ ಅಂತಲೇ ಬರೋ ಉದ್ದದ್ದು ಬೇಕು. ಸುರುಳಿಯ ಒಳವ್ಯಾಸ, ನಿಂತಾಗಿನ ಒಳ ಎತ್ತರ, ಎರಡನ್ನೂ ಅಳೆದೇ ಕೊಳ್ಳಿ. ಒಳಗೆ ರಬ್ಬರ್ ಬಂಪ್ ಸ್ಟಾಪ್ ಇದ್ರೆ ಚೀಲಕ್ಕೆ ಜಾಗ ಎಲ್ಲಿ ಅಂತ ಮೊದಲೇ ಕೇಳಿ. ಕಾಯಿಲ್ ಒಳಗಿನ ಮಾಮೂಲಿ ಜೋಡಿ ಹೊರೋದು 1000 ಪೌಂಡ್, ಅಂದ್ರೆ ಸುಮಾರು 450 ಕೆಜಿ, ಒತ್ತಡ 5ರಿಂದ 35 ಪಿಎಸ್‌ಐ ಒಳಗೆ.

ಹಳೇ ಥಾರ್, ಬೊಲೆರೊ ಇರೋರು ಇನ್ನೂ ಹುಷಾರು. ಕಮಾನ್ ಪಟ್ಟಿ ಭಾರವನ್ನ ಚಾಸಿಸ್‌ನ ಎರಡು ಜಾಗಕ್ಕೆ ಹಂಚುತ್ತೆ. ಆಕ್ಸಲ್ ಮೇಲೆ ಕೂರೋ ಚೀಲ ನಡುವಿನ ಒಂದೇ ಜಾಗಕ್ಕೆ ಒತ್ತುತ್ತೆ. ಆಕ್ಸಲಿನ ಹಿಂದೆ ಭಾರ ನೇತು ಹಾಕಿಕೊಂಡು ಹಳ್ಳಕೊಳ್ಳ ಹಾರಿಸಿದ್ರೆ ಚಾಸಿಸ್ ಅಲ್ಲೇ ಬಾಗಬಹುದು. ಆಸ್ಟ್ರೇಲಿಯಾದ ಪಿಕಪ್ ಮಾಲೀಕರು ಈ ಪಾಠಕ್ಕೆ ದುಬಾರಿ ಬೆಲೆ ತೆತ್ತಿದ್ದಾರೆ. ಚಕ್ರ ಪೂರ್ತಿ ಇಳಿದಾಗ ಚೀಲ ಎಳೆದು ಹರಿಯದಷ್ಟು ಉದ್ದವೂ ಇರಬೇಕು.

ಎಡಕ್ಕೊಂದು, ಬಲಕ್ಕೊಂದು ಬೇರೆ ಬೇರೆ ಗಾಳಿಕೊಳವೆ ಹಾಕಿಸಿ. ಒಂದೇ ಕೊಳವೆಗೆ ಸೇರಿಸಿದ್ರೆ ಕಸಾರಾ ಘಾಟಿನ ತಿರುವಲ್ಲಿ ಒತ್ತಡ ಬಿದ್ದ ಕಡೆಯ ಗಾಳಿ ಆಚೆ ಓಡಿ ಗಾಡಿ ಇನ್ನಷ್ಟು ವಾಲುತ್ತೆ. ಕೊಳವೆ ಸೈಲೆನ್ಸರ್ ಪೈಪಿಗೆ ತಾಗಬಾರದು.

ಬಾಲ ಮೇಲೆದ್ದ ಮಾತ್ರಕ್ಕೆ ಗಾಡಿ ಹೊರೋ ಮಿತಿ ಹೆಚ್ಚಾಗಲ್ಲ. ಆರ್‌ಸಿಯಲ್ಲಿರೋ ತೂಕವೇ ತೂಕ, ಬ್ರೇಕು ಟೈರು ಅವೇ ಹಳೇವು. ಕಾನೂನೂ ಇದೆ: ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರ ಮೂಲ ವಿವರಣೆಗೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಹೇಳಿದೆ. ಆರ್‌ಟಿಓ, ವಿಮೆಯವರ ಹತ್ತಿರ ಲಿಫ್ಟ್‌ಗೂ ಮುಂಚೆ ಕೇಳೋದು ಒಳ್ಳೇದು.

ಫಿಟ್ ಮಾಡಿಸಿದ ಮೇಲೆ, ಖಾಲಿ ಗಾಡಿಯಲ್ಲಿ ಕನಿಷ್ಠ ಗಾಳಿ ಬಿಟ್ಟು ಹಿಂದಿನ ಚಕ್ರದ ನಡುವಿನಿಂದ ಫೆಂಡರ್ ಅಂಚಿನವರೆಗೆ ಟೇಪ್ ಹಿಡಿದು ಅಳತೆ ಬರೆದಿಟ್ಟುಕೊಳ್ಳಿ. ಊರಿಗೆ ಹೊರಡೋ ದಿನ ಲಗೇಜು ತುಂಬಿ, ಎಲ್ಲರನ್ನೂ ಕೂರಿಸಿ, ಆ ಅಳತೆಗೆ ಬರೋವರೆಗೆ ಗಾಳಿ ಹೊಡೀರಿ, ಅದಕ್ಕಿಂತ ಮೇಲೆ ಬೇಡ. ಊರು ಮುಟ್ಟಿ ಸಾಮಾನು ಇಳಿಸಿದ ಮೇಲೆ ಗಾಳಿ ಇಳಿಸೋದನ್ನ ಮರೀಬೇಡಿ, ಆದ್ರೆ ಚೀಲ ಪೂರ್ತಿ ಖಾಲಿ ಮಾಡ್ಬೇಡಿ. 5 ಪಿಎಸ್‌ಐ ಇರಲಿ, ಇಲ್ಲಾಂದ್ರೆ ಸುರುಳಿ ಅದನ್ನ ಕಚ್ಚಿ ಹರಿಯುತ್ತೆ.