ಗಂಡಿಕೋಟೆಯ ಕರಗದ ವಿಗ್ರಹಗಳು

ಬೆಳಗ್ಗೆ ಐದೂಮುಕ್ಕಾಲು. ಗಂಡಿಕೋಟೆಯ ಬಂಡೆಗಳ ಮೇಲೆ ನಾವು ಹದಿಮೂರು ಜನ, ಹದಿಮೂರು ಫೋನು. ಆಫೀಸಿನ ಟೀಮು. ರಾತ್ರಿಯಿಡೀ ಬೆಂಗಳೂರಿನಿಂದ ಟಿಟಿಯಲ್ಲಿ ಕುಲುಕಿಕೊಂಡು ಬಂದಿದ್ದೆವು. ಬೆಳಗ್ಗೆ ಕಣಿವೆ, ಮಧ್ಯಾಹ್ನ ಬೇಲಂ ಗುಹೆ, ಜೊತೆಗೊಬ್ಬ ಗೈಡ್: ಇದು ಪ್ಯಾಕೇಜು. ಕೆಳಗೆ ಪೆನ್ನಾರ್. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ, ಗೌರಿಬಿದನೂರಿನಲ್ಲಿ ನಾವು ಗಮನಿಸದೇ ದಾಟಿಹೋಗುವ ಅದೇ ಉತ್ತರ ಪಿನಾಕಿನಿ, ಇಲ್ಲಿ ಎರ್ರಮಲ ಬೆಟ್ಟವನ್ನು ಸೀಳಿಕೊಂಡು ಹೋಗಿದೆ. ಗೈಡ್ ಅದನ್ನು 'ಭಾರತದ ಗ್ರ್ಯಾಂಡ್ ಕ್ಯಾನಿಯನ್' ಅಂದ. ಈ ಹೋಲಿಕೆ ಯಾಕೆ ಬೇಕೋ ಗೊತ್ತಿಲ್ಲ, ಗಂಡಿ ಅಂತ ಒಳ್ಳೆಯ ಪದವೇ ಇದೆಯಲ್ಲ.

ಆಮೇಲೆ ಕೋಟೆ. ವಿಜಯನಗರದ ಸಾಮಂತರಾಗಿದ್ದ ಪೆಮ್ಮಸಾನಿ ನಾಯಕರ ಕೋಟೆ ಇದು. 1565ರ ಯುದ್ಧದಲ್ಲಿ ಹಂಪಿ ಹಾಳಾದ ಮೇಲೂ ಎಂಬತ್ತು ವರ್ಷಕ್ಕಿಂತ ಹೆಚ್ಚು ಕಾಲ ಉಳಿದುಕೊಂಡಿತ್ತು. ಜುಮ್ಮಾ ಮಸೀದಿ, ಅದರ ಪಕ್ಕ ಕಣಜ, ಕತ್ತಿ ತೊಳೆದು ನೀರು ಕೆಂಪಾಯಿತು ಅನ್ನುವ ಕತ್ತುಲ ಕೋನೇರು, ಎಲ್ಲ ನೋಡಿದೆವು. ಕೊನೆಗೆ ಮಾಧವರಾಯ ದೇವಸ್ಥಾನ. ಗೋಪುರ ಚೆನ್ನಾಗಿದೆ, ಗರ್ಭಗುಡಿ ಖಾಲಿ. 'ಮುಸಲ್ಮಾನರು ಬಂದು ವಿಗ್ರಹ ಕರಗಿಸೋಕೆ ನೋಡಿದರು ಸಾರ್, ದೇವರು ಕರಗಲಿಲ್ಲ' ಅಂದ ಗೈಡ್. ತಕ್ಷಣ ನಮ್ಮಲ್ಲೊಬ್ಬ, ಟೀಮಿನ ಏಕೈಕ ಮುಸ್ಲಿಂ ಗೆಳೆಯನ ಹೆಗಲು ತಟ್ಟಿ, 'ನಿಮ್ಮವರದೇ ಕೆಲಸ ಅಂತೆ ಗುರೂ' ಅಂದ. ಎಲ್ಲರೂ ನಕ್ಕರು. ಅವನೂ ನಕ್ಕ. ನಾನು ಶೂ ಲೇಸು ಕಟ್ಟಿಕೊಳ್ಳುತ್ತಿದ್ದೆ.

ನಾಚಿಕೆಯ ವಿಷಯ ಏನಂದರೆ, ಈ ಕಥೆ ಎಲ್ಲಿಂದ ಬಂತು ಅನ್ನೋದು ನನಗೆ ಗೊತ್ತಿತ್ತು. ಹಿಂದಿನ ವಾರವಷ್ಟೇ ಓದಿದ್ದೆ.

ಅದನ್ನು ಬರೆದಿಟ್ಟವನು ಜಾನ್ ಬ್ಯಾಪ್ಟಿಸ್ಟ್ ಟ್ಯಾವರ್ನಿಯೆ, ಫ್ರೆಂಚ್ ರತ್ನ ವ್ಯಾಪಾರಿ. 1652ರಲ್ಲಿ ಇಲ್ಲಿಗೆ ಬಂದ. ಊರು ಎಲ್ಲಿದೆ ಅಂತ ಹೇಳುವಾಗ ಅವನು ಬಳಸಿದ ಹೆಸರು 'ಕರ್ನಾಟಕ ರಾಜ್ಯ'; ಆ ಕಾಲಕ್ಕೆ ವಿಜಯನಗರದ ಅಳಿದುಳಿದ ಸೀಮೆಗೆ ಅದೇ ಹೆಸರು. ಬಂದದ್ದು ಕಣಿವೆ ನೋಡೋಕಲ್ಲ. ಗೋಲ್ಕೊಂಡ ಸುಲ್ತಾನನಿಗೆ ಮುತ್ತು, ರತ್ನ ಮಾರಬೇಕಿತ್ತು. ಅದಕ್ಕೆ ಮೊದಲು ಕೋಟೆಯನ್ನು ಗೆದ್ದು ಇಲ್ಲೇ ಬೀಡುಬಿಟ್ಟಿದ್ದ ಮೀರ್ ಜುಮ್ಲಾನ ಒಪ್ಪಿಗೆ ಬೇಕಿತ್ತು. ಈ ಮೀರ್ ಜುಮ್ಲಾ ಇರಾನಿನ ಒಬ್ಬ ಎಣ್ಣೆ ವ್ಯಾಪಾರಿಯ ಮಗ. ವಜ್ರದ ವ್ಯವಹಾರದಲ್ಲಿ ಬೆಳೆದು ಗೋಲ್ಕೊಂಡದ ದೊಡ್ಡ ಅಧಿಕಾರಿಯಾದವನು. ಡೇರೆಯಲ್ಲಿ ಅವನು ಬರಿಗಾಲಲ್ಲಿ ಕೂತಿದ್ದನಂತೆ. ಕಾಲ್ಬೆರಳುಗಳ ಸಂದಿಯಲ್ಲಿ ಕಾಗದ, ಎಡಗೈ ಬೆರಳುಗಳ ಸಂದಿಯಲ್ಲೂ ಕಾಗದ. ಒಂದೊಂದೇ ಎಳೆದು ಓದಿ ಕಾರಕೂನರಿಗೆ ಉತ್ತರ ಹೇಳಿ ಬರೆಸುತ್ತಿದ್ದ.

ಅವನಿಗೆ ತೋಪು ಬೇಕಿತ್ತು, ತೋಪಿಗೆ ತಾಮ್ರ ಬೇಕಿತ್ತು, ತಾಮ್ರ ದೇವಸ್ಥಾನಗಳಲ್ಲಿತ್ತು. ಸುತ್ತಲಿನ ಗುಡಿಗಳ ವಿಗ್ರಹ ತರಿಸಿ, ಎರಕ ಹೊಯ್ಯುವ ಕೆಲಸವನ್ನು ಕ್ಲೋಡ್ ಮೈಯೆ ಅನ್ನುವ ಫ್ರೆಂಚ್ ಕ್ರೈಸ್ತನಿಗೆ ಕೊಟ್ಟ. ಉಳಿದವೆಲ್ಲ ಕರಗಿದವು, ಗಂಡಿಕೋಟೆ ಗುಡಿಯ ಆರು ವಿಗ್ರಹ ಮಾತ್ರ ಏನು ಮಾಡಿದರೂ ಕರಗಲಿಲ್ಲ. ಅರ್ಚಕರು ಮಾಟ ಮಾಡಿದ್ದಾರೆ ಅನ್ನೋ ಆರೋಪವೂ ಬಂತು. ಕೊನೆಗೆ ಮೈಯೆ ಒಂದು ತೋಪನ್ನೂ ನೆಟ್ಟಗೆ ಮಾಡಿಕೊಡಲಿಲ್ಲ. ಒಂದು ಬಿರುಕುಬಿಟ್ಟಿತು, ಇನ್ನೊಂದು ಅರ್ಧಕ್ಕೇ ನಿಂತಿತು. ಕುಲುಮೆಯ ಶಾಖವೇ ಸಾಲಲಿಲ್ಲವೇನೋ ಅಂತ ನನ್ನ ಅನುಮಾನ.

ಗುಡಿಗಳು ಲೂಟಿಯಾದದ್ದು ನಿಜ. ಅದನ್ನು ತೇಲಿಸಿಬಿಡೋಕೆ ನನಗೆ ಮನಸ್ಸಿಲ್ಲ. ಆದರೆ ಲೂಟಿ ಮಾಡಿಸಿದವನು ನಾಲ್ಕೈದು ವರ್ಷದೊಳಗೆ ತನ್ನ ಸುಲ್ತಾನನನ್ನೇ ಬಿಟ್ಟು ಮೊಗಲರ ಕಡೆ ಸೇರಿದ. 1656ರಲ್ಲಿ ಔರಂಗಜೇಬ ಗೋಲ್ಕೊಂಡದ ಮೇಲೆ ನುಗ್ಗಿದ್ದಕ್ಕೆ ಒಂದು ನೆಪ ಈ ಮೀರ್ ಜುಮ್ಲಾನೇ. ಇಂಥವನನ್ನು ಯಾರ 'ನಿಮ್ಮವರ' ಲೆಕ್ಕಕ್ಕೆ ಹಾಕೋದು? ಎರಕ ಹೊಯ್ದವನು ಯಾರವನು?

ಮಧ್ಯಾಹ್ನ ಬೇಲಂ. ಬಯಲಲ್ಲಿ ಒಂದು ಹೊಂಡ, ಮೆಟ್ಟಿಲಿಳಿದರೆ ಮೂರು ಕಿಲೋಮೀಟರಿಗೂ ಉದ್ದದ ಗುಹೆ. ನಮ್ಮ ಅಡುಗೆಮನೆಯ ಕಡಪ ಕಲ್ಲಿನ ಜಾತಿಯದೇ ಸುಣ್ಣದ ಕಲ್ಲು, ನೀರು ಕೊರೆದು ಕೊರೆದು ಆದದ್ದು. 1884ರಲ್ಲಿ ಬ್ರೂಸ್ ಫೂಟ್ ಇದರ ಬಗ್ಗೆ ದಾಖಲಿಸಿದ, 1982-83ರಲ್ಲಿ ಜರ್ಮನಿಯ ಗೆಬಾವರ್ ತಂಡ ಅಳೆದು ನಕ್ಷೆ ಮಾಡಿತು, 2002ರಲ್ಲಿ ಪ್ರವಾಸಿಗರಿಗೆ ತೆರೆಯಿತು. ಗೈಡ್ ಪ್ರಕಾರ 'ಕಂಡುಹಿಡಿದದ್ದು' ಜರ್ಮನ್ನರು. ಊರಿನವರು ಬಿಲ ಅಂತ ಕರೆದೇ ಅಲ್ಲವೇ ಅದು ಬೇಲಂ ಆದದ್ದು.

ನೂರೈವತ್ತು ಅಡಿ ಆಳದ ಪಾತಾಳಗಂಗೆಯ ಹತ್ತಿರ, ಬೆವರಿನಲ್ಲಿ ತೊಯ್ದು ಕೂತಿದ್ದಾಗ ಗೆಳೆಯನಿಗೆ ಇಷ್ಟೂ ಹೇಳಿದೆ. ಕಾಲ್ಬೆರಳಿನ ಕಾಗದ ಕೇಳಿ ಜೋರಾಗಿ ನಕ್ಕ: 'ಪಾಪ, ಆಗ ಜಿರಾ ಇರಲಿಲ್ಲ.' ಸ್ವಲ್ಪ ಹೊತ್ತು ಬಿಟ್ಟು, 'ಇದನ್ನ ಇಲ್ಲಿ ನನಗೆ ಯಾಕೆ ಹೇಳ್ತಿದ್ದೀಯ? ಅಲ್ಲಿ ಹೇಳಬೇಕಿತ್ತು' ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ.

ವಾಪಸ್ ಬರುವಾಗ ಅವನು ಕಿಟಕಿಗೆ ತಲೆಯಿಟ್ಟು ನಿದ್ದೆ ಹೋಗಿದ್ದ. ಬೆಳಗ್ಗೆ ಜೋಕು ಹೊಡೆದವನು ಮುಂದಿನ ಸೀಟಿನಲ್ಲಿ ಕಣಿವೆಯ ಫೋಟೋಗೆ ಫಿಲ್ಟರ್ ಹಾಕುತ್ತಿದ್ದ. ಎದ್ದು ಹೋಗಿ ಅವನ ಪಕ್ಕ ಕೂತೆ. 'ಆ ವಿಗ್ರಹದ ಕಥೆ ಇದೆಯಲ್ಲ, ಗೈಡ್ ಹೇಳಿದ್ದು ಅರ್ಧ ಕಣೋ' ಅಂತ ಶುರು ಮಾಡಿದೆ.